ಕಪ್ಪು ಕನ್ನಡಕದ ಹೇಳಿಕೆ

ನಮ್ಮ ನೆಂಟರಿಗೆಲ್ಲ ಆ ವರ್ಷ ಕೆಂಗಣ್ಣು ಬಂದದ್ದು ಗಾಳಿಯಿಂದಲ್ಲ, ಧೂಳಿನಿಂದಲ್ಲ, ಯಾವ ದೈವದ ಮುನಿಸಿನಿಂದಲೂ ಅಲ್ಲ. ನನ್ನ ಮೈದುನನಿಂದ. ಬಂಟ್ವಾಳದವರಿಗೆ ಅವನೇ ಕೊಟ್ಟ, ಬೆಳ್ತಂಗಡಿಯವರಿಗೆ ಅವನೇ ಕೊಟ್ಟ, ಮೂಡುಬಿದಿರೆಯವರಿಗೂ ಅವನೇ ಕೊಟ್ಟ. ಅದೂ ದಾರಿಯಲ್ಲಿ ಸಿಕ್ಕಿದಾಗ ಕೊಟ್ಟದ್ದಲ್ಲ. ಮನೆಮನೆಗೆ ಹೋಗಿ, ಚಪ್ಪಲಿ ಬಿಚ್ಚಿಟ್ಟು, ಒಳಗೆ ಕುಳಿತು, ಕೈಮುಗಿದು ಕೊಟ್ಟ! ಇಷ್ಟು ಮರ್ಯಾದೆಯಿಂದ ರೋಗ ಹಂಚಿದವರು ಬೇರೆ ಯಾರಾದರೂ ಇದ್ದಾರೆಯೇ? ಇದ್ದರೆ ಅವರ ಅತ್ತಿಗೆ ಬರೆಯಲಿ, ನಾನು ಓದುತ್ತೇನೆ.

ಮೈದುನ ಎಂದರೆ ನನ್ನ ಗಂಡನ ತಮ್ಮ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಪುರುಸೊತ್ತು ಎಲ್ಲುಂಟು ಅತ್ತಿಗೆ?" ಎನ್ನುತ್ತಾನೆ. ಅದು ನಿಜವೇ. ಬೇರೆಯವರ ಮದುವೆಗೆ ಹೇಳಿಕೆ ಮಾಡಿ ಮಾಡಿ ಅವನ ತಲೆ ಬೋಳಾಯಿತು.

ಹೇಳಿಕೆ ಎಂದರೆ ಮದುವೆಗೆ ಕರೆಯುವುದು. ಆದರೆ ಬರಿಯ ಕರೆಯುವುದಲ್ಲ. ನಮ್ಮಲ್ಲಿ ಕಾಗದವನ್ನು ಅಂಚೆಗೆ ಹಾಕಿದರೆ ಯಾರೂ ಬರುವುದಿಲ್ಲ. ಮೊಬೈಲಿನಲ್ಲಿ ಕಳುಹಿಸಿದರೆ ಬರುವುದಿಲ್ಲ ಮಾತ್ರವಲ್ಲ, ಎದುರು ಸಿಕ್ಕಾಗ ಮಾತೂ ಆಡುವುದಿಲ್ಲ. ಮನೆಯ ಪರವಾಗಿ ಒಬ್ಬರು ಖುದ್ದಾಗಿ ಹೋಗಬೇಕು. ಅವರು ಕೊಟ್ಟ ನೀರಿನಲ್ಲಿ ಕೈಕಾಲು ಮುಖ ತೊಳೆಯಬೇಕು, ಒಳಗೆ ಕುಳಿತುಕೊಳ್ಳಬೇಕು, ಬೆಲ್ಲ ನೀರು ಕುಡಿಯಬೇಕು, ಆಮೇಲೆ ಹೇಳಬೇಕು. ಅಂಗಳದಲ್ಲಿ ನಿಂತು ಹೇಳಿದ್ದು ಹೇಳಿಕೆಯಲ್ಲ, ಸುದ್ದಿ.

"ಕುಟುಂಬ ಸಮೇತ ಮುಂಚಿತವಾಗಿ ಬಂದು ಚಂದಗಾಣಿಸಿಕೊಡಬೇಕು." ಈ ಒಂದು ಮಾತು ಹೇಳಲು ಬೇರೆಯವರಿಗೆ ಎಷ್ಟು ಹೊತ್ತು ಬೇಕು? ನನ್ನ ಮೈದುನನಿಗೆ ಒಂದು ಮಧ್ಯಾಹ್ನ ಬೇಕು. ದನ ಗಬ್ಬವಾಯಿತೇ, ಅಜ್ಜನ ಮೊಣಕಾಲು ಹೇಗುಂಟು, ದುಬಾಯಿಯ ಮಗನಿಗೆ ರಜೆ ಸಿಕ್ಕಿತೇ ಎಂದೆಲ್ಲ ಕೇಳಿ, ಉತ್ತರ ಸಿಗುವವರೆಗೆ ಕುಳಿತು, ಕೊನೆಗೆ ಬಸ್ಸಿನ ಹಾರ್ನು ಕೇಳಿದಾಗ ಎದ್ದು ನಿಂತು ಮದುವೆಯ ವಿಷಯ ಹೇಳುತ್ತಾನೆ. ಸಿದ್ಧಕಟ್ಟೆಯಿಂದ ವಿಟ್ಲದವರೆಗೆ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವ ಮನೆಯಲ್ಲಿ ನಾಯಿ ಸುಮ್ಮನಿದ್ದು ಯಜಮಾನನೇ ಬೊಗಳುತ್ತಾನೆ, ಎಲ್ಲವೂ ಅವನಿಗೆ ಬಾಯಿಪಾಠ. ನೆಂಟರಲ್ಲಿ ಯಾರ ಮನೆಯ ಕಾರ್ಯವಾದರೂ "ಹೇಳಿಕೆಗೆ ಅವರನ್ನೇ ಕಳಿಸುವ" ಎನ್ನುತ್ತಿದ್ದರು.

ನನ್ನ ಮಗನ ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳು ಒಮ್ಮೆ ಹೇಳಿದಳು, "ಅಜ್ಜಿ, ಸಣ್ಣಜ್ಜ ಮನುಷ್ಯ ಅಲ್ಲ, ಬಿ.ಸಿ. ರೋಡ್."

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಗಳೂರಿಗೆ ಹೋಗುವವರು, ಧರ್ಮಸ್ಥಳಕ್ಕೆ ಹೋಗುವವರು, ವಿಟ್ಲಕ್ಕೆ ಹೋಗುವವರು ಎಲ್ಲರೂ ಬಿ.ಸಿ. ರೋಡಿನ ಮೇಲೆಯೇ ಹಾಯಬೇಕು. ಅಲ್ಲಿ ಒಂದು ಲಾರಿ ಅಡ್ಡ ನಿಂತರೆ ಮೂರು ದಿಕ್ಕಿನವರಿಗೂ ಊಟ ತಡ. ನನ್ನ ಮೈದುನ ಅಂಥವನು. ಅವನ ಮೇಲೆ ಹಾಯದೆ ನಮ್ಮ ನೆಂಟರಲ್ಲಿ ಒಂದು ಸುದ್ದಿ, ಒಂದು ಚಟ, ಒಂದು ಕೆಮ್ಮು ಕೂಡ ಆಚೆ ಹೋಗುತ್ತಿರಲಿಲ್ಲ.

ಕರಿಬೇವಿನ ಕತೆಯನ್ನೇ ನೋಡಿ. ಯಾರೋ ಅವನಿಗೆ ಕರಿಬೇವಿನ ರಸವನ್ನು ಖಾಲಿ ಹೊಟ್ಟೆಗೆ ಕುಡಿದರೆ ಕೂದಲು ಕಪ್ಪಾಗುತ್ತದೆ ಎಂದರು. ಇವನ ತಲೆಯಲ್ಲಿ ಕಪ್ಪಾಗಲು ಕೂದಲೇ ಇಲ್ಲ! ಆದರೂ ಕುಡಿದ. ಹೇಳಿಕೆಗೆ ಹೋದಲ್ಲೆಲ್ಲ ಹೇಳಿದ. ಕೆಲವು ತಿಂಗಳಲ್ಲಿ ನಮ್ಮ ನೆಂಟರ ಹಿತ್ತಿಲುಗಳಲ್ಲಿ ಕರಿಬೇವಿನ ಗಿಡಗಳು ಕಡ್ಡಿಯಾಗಿ ನಿಂತವು. ಒಗ್ಗರಣೆಗೆ ಪೇಟೆಯಿಂದ ಸೊಪ್ಪು ತರಬೇಕಾಯಿತು. ಕೂದಲು? ಬಿಳಿ ಇದ್ದದ್ದು ಬಿಳಿಯಾಗಿಯೇ ಇತ್ತು. ಇಲ್ಲದ್ದು ಹುಟ್ಟಲಿಲ್ಲ.

ಆದರೆ ಎಲ್ಲವೂ ಹೀಗೆ ಹಬ್ಬುವುದಿಲ್ಲ. ಡಾಕ್ಟರು ನಡೆಯಲು ಹೇಳಿದರೆಂದು ಅವನು ಬಿಳಿ ಶೂ ತಂದ. ಪಂಚೆಯ ಕೆಳಗೆ ಬಿಳಿ ಶೂ! ಬೆಳಿಗ್ಗೆ ಕೈ ಬೀಸಿಕೊಂಡು ಹೊರಟರೆ ಗೂಡಂಗಡಿಯವ "ಎಂತ ಮಾರಾಯ್ರೆ, ಬಸ್ಸು ತಪ್ಪಿತಾ?" ಎಂದು ಕೂಗುತ್ತಿದ್ದ. ಇವನು ಹೋದ ಮನೆಗಳಲ್ಲೆಲ್ಲ ನಡಿಗೆಯ ಗುಣಗಾನ ಮಾಡಿದ. ಒಬ್ಬರೂ ಎದ್ದು ನಡೆಯಲಿಲ್ಲ. ಬಹಳ ಕಾಲದ ಮೇಲೆ ಬೆಳ್ತಂಗಡಿಯಲ್ಲಿರುವ ನನ್ನ ತಂಗಿಯ ಮಗಳು ತನ್ನ ಬೀದಿಯ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ಹೊರಟಳು. ಮೂವರು ಆದ ಮೇಲೆ ನಾಲ್ಕನೆಯವಳು ಬಂದಳು, ಆಮೇಲೆ ಗಂಡಂದಿರೂ ಬಂದರು, ಈಗ ಇಡೀ ಬೀದಿಯೇ ನಡೆಯುತ್ತದೆ. ಮೈದುನ ಅದು ತನ್ನಿಂದಲೇ ಆದದ್ದು ಎನ್ನುತ್ತಾನೆ. ಅಲ್ಲ. ರಸವನ್ನು ಅಡುಗೆಮನೆಯಲ್ಲಿ ಕುಡಿಯುವುದು, ಯಾರು ನೋಡುತ್ತಾರೆ? ಒಬ್ಬ ಹೇಳಿದರೆ ಸಾಕು. ರಸ್ತೆಯಲ್ಲಿ ಕೈ ಬೀಸಿ ನಡೆಯುವವರನ್ನು ಊರೇ ನೋಡಿ ನಗುತ್ತದೆ. ನಗಿಸಿಕೊಳ್ಳಲು ಜೊತೆ ಬೇಕು.

ಕೆಂಗಣ್ಣಿಗೆ ಜೊತೆ ಬೇಡ. ಅದಕ್ಕೆ ಒಂದು ಬಟ್ಟೆ ಸಾಕಾಯಿತು.

ದೀಪಾವಳಿ ಕಳೆದ ಮೇಲೆ ನನ್ನ ಈ ನರ್ಸು ಮೊಮ್ಮಗಳ ಮದುವೆ ನಿಶ್ಚಯವಾಯಿತು. ಮೂಡುಬಿದಿರೆಯ ಕಲ್ಯಾಣಮಂಟಪದ ಹಾಲಿನಲ್ಲಿ ಮದುವೆ. ಹೇಳಿಕೆಗೆ ಯಾರು? ಕೇಳುವುದೇ ಬೇಡ! ಸೊಂಟಕ್ಕೆ ಹೊಸ ಪಂಚೆ, ಬಗಲಿಗೆ ಮದುವೆ ಕಾಗದಗಳ ಚೀಲ, ಮೈದುನ ಬೆಳಿಗ್ಗೆ ಹೊರಟರೆ ಕತ್ತಲೆಗೆ ಬರುವುದು. ಹೀಗೇ ಒಂದು ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ.

"ಎಂತ ಮಾರಾಯ, ಇದೆಂತ ವೇಷ?" ಎಂದೆ.

"ಬಿಸಿಲು ಅತ್ತಿಗೆ."

"ಏಳು ಗಂಟೆಗೆ ಎಂತ ಬಿಸಿಲು? ತೆಗಿ ನೋಡುವ."

ತೆಗೆದ. ಎರಡು ಕಣ್ಣೂ ಹಣ್ಣು ಮೆಣಸಿನ ಹಾಗೆ.

"ನಾಳೆಯಿಂದ ಎಲ್ಲಿಗೂ ಹೋಗ್ಬೇಡ. ಮನೆಯಲ್ಲಿ ಬಿದ್ದುಕೋ."

"ಅದು ಹೇಗೆ ಆಗ್ತದೆ? ಮದುವೆಗೆ ಇನ್ನು ಎಂಟೇ ದಿನ. ಬೆಳ್ತಂಗಡಿ ಅರ್ಧ ಆಯಿತು, ಮೂಡುಬಿದಿರೆ ಅರ್ಧ ಆಯಿತು, ವಿಟ್ಲ ಹಾಗೇ ಉಂಟು. ಅಕ್ಕನ ಮನೆಗೆ ಹೇಳಿ ತಂಗಿಯ ಮನೆ ಬಿಟ್ಟರೆ ಎಂತಾಗ್ತದೆ ಗೊತ್ತುಂಟಲ್ಲ? ಕೆಂಗಣ್ಣು ನಾಲ್ಕು ದಿನದಲ್ಲಿ ಹೋಗ್ತದೆ ಅತ್ತಿಗೆ. ಹೇಳಿಕೆ ಸಿಗದ ಸಿಟ್ಟು ಹೋಗುದಿಲ್ಲ."

"ಮತ್ತೆ ಅವರಿಗೆ ಬಂದರೆ?"

ಅದಕ್ಕೆ ಅವನು ನನ್ನನ್ನು ಕನಿಕರದಿಂದ ನೋಡಿದ. "ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಮಾತ್ರ ಅಲ್ವಾ ಅದು ಬರುದು? ಅದಕ್ಕೇ ಕನ್ನಡಕ ತೆಗೊಂಡದ್ದು. ನನಗೂ ಜವಾಬ್ದಾರಿ ಉಂಟು."

ಬೆಳಿಗ್ಗೆ ನಾನು ಹಟ್ಟಿಯಿಂದ ಹಾಲು ಕರೆದು ಬರುವಾಗ ಚೀಲವೂ ಇಲ್ಲ, ಅವನೂ ಇಲ್ಲ.

ಅವನ ಜವಾಬ್ದಾರಿ ಎಷ್ಟಿತ್ತೆಂದು ಆಮೇಲೆ ಒಂದೊಂದೇ ಮನೆಯವರು ಹೇಳಿದರು. ಅಂಗಳದಲ್ಲಿ ಮುಖ ತೊಳೆಯುವಾಗ ಕನ್ನಡಕ ತೆಗೆಯಬೇಕಲ್ಲ? ಆಗ ಗೋಡೆಯ ಕಡೆ ತಿರುಗುತ್ತಿದ್ದನಂತೆ, ಯಾರಿಗೂ ಕಣ್ಣು ಕಾಣಬಾರದು ಎಂದು! ಮಕ್ಕಳು ಎದುರು ಬಂದರೆ ರೆಪ್ಪೆ ಗಟ್ಟಿಯಾಗಿ ಮುಚ್ಚುತ್ತಿದ್ದನಂತೆ. ಆಮೇಲೆ ಮನೆಯವರು ತಂದುಕೊಟ್ಟ ಬೈರಾಸಿನಲ್ಲಿ ಎರಡೂ ಕಣ್ಣುಗಳನ್ನು ಚೆನ್ನಾಗಿ ಒತ್ತಿ ಒತ್ತಿ ಒರೆಸಿ, ಬೈರಾಸನ್ನು ಮರ್ಯಾದೆಯಿಂದ ಹಗ್ಗದ ಮೇಲೆ ಹರವಿ, ಕನ್ನಡಕ ಹಾಕಿಕೊಂಡು ಒಳಗೆ ಹೋಗುತ್ತಿದ್ದನಂತೆ. ಬೈರಾಸು ಎಂದರೆ ನಮ್ಮ ಕಡೆ ಮೈ ಒರೆಸುವ ಬಟ್ಟೆ. ನೆಂಟರಿಗೆ ಕೊಡುವುದು ಮನೆಯಲ್ಲಿ ಇದ್ದುದರಲ್ಲೇ ಒಳ್ಳೆಯದನ್ನು. ಅವನು ಹೋದ ಮೇಲೆ ಅದೇ ಬೈರಾಸಿನಲ್ಲಿ ಅಜ್ಜನಿಂದ ಹಿಡಿದು ಅಂಗನವಾಡಿಯ ಮಗುವಿನವರೆಗೆ ಎಲ್ಲರೂ ಮುಖ ಒರೆಸಿಕೊಂಡರು.

ಮದುವೆಯ ದಿನ ಹಾಲಿನ ಬಾಗಿಲಲ್ಲಿ ನಿಂತು ಬಂದವರನ್ನು ನೋಡುತ್ತೇನೆ, ಬೆಳ್ತಂಗಡಿಯವರು ಇಳಿದರು: ಕಪ್ಪು ಕನ್ನಡಕ. ವಿಟ್ಲದವರು ಇಳಿದರು: ಕಪ್ಪು ಕನ್ನಡಕ. ರೇಷ್ಮೆಯ ಪಟ್ಟೆ ಸೀರೆ, ತಲೆಗೆ ಮಲ್ಲಿಗೆ, ಕೊರಳಿಗೆ ಕರಿಮಣಿ, ಕಣ್ಣಿಗೆ ಕಪ್ಪು ಕನ್ನಡಕ! ಯಾರೂ ತಪ್ಪಿಸಲಿಲ್ಲ. ಹೇಳಿಕೆ ಅಷ್ಟು ಚಂದ ಆಗಿತ್ತು. ಫೋಟೋದವ ವೇದಿಕೆಯಿಂದ "ಎಲ್ಲರೂ ಒಮ್ಮೆ ಕನ್ನಡಕ ತೆಗೀರಿ" ಎಂದ. ಅರ್ಧ ಜನ ತೆಗೆದರು. ಅವನು ನೋಡಿ, "ಬೇಡ, ಬೇಡ, ಹಾಕ್ಕೊಳ್ಳಿ" ಎಂದ.

ಹುಡುಗನ ಅಜ್ಜಿ ಮೆಲ್ಲನೆ ನನ್ನ ಪಕ್ಕಕ್ಕೆ ಸರಿದು ಕೇಳಿದರು, "ನಿಮ್ಮಲ್ಲಿ ಮದುವೆಗೆ ಕನ್ನಡಕ ಹಾಕುವ ಕ್ರಮ ಉಂಟಾ?"

"ಈ ವರ್ಷದಿಂದ ಉಂಟು" ಎಂದೆ.

ಮದುಮಗಳು ಸುಮ್ಮನಿರುತ್ತಾಳೆಯೇ? ನರ್ಸಲ್ಲವೇ! ಅಕ್ಷತೆ ಹಾಕಲು ಬಂದವರನ್ನೆಲ್ಲ "ಯಾವಾಗ ಶುರುವಾದದ್ದು? ಅದಕ್ಕಿಂತ ಮೊದಲು ಮನೆಗೆ ಯಾರು ಬಂದಿದ್ರು?" ಎಂದು ಕೇಳುತ್ತ ಕುಳಿತಳು. ಅವರು ಅಕ್ಷತೆ ಹಾಕುವುದು ಬಿಟ್ಟು ಯೋಚಿಸಿ ಯೋಚಿಸಿ ಹೇಳಿದರು. ಎಲ್ಲರ ಬಾಯಲ್ಲಿ ಬಂದದ್ದು ಒಂದೇ ಹೆಸರು. ಬೈರಾಸಿನ ವಿಷಯವೂ ಅಲ್ಲೇ ಹೊರಗೆ ಬಿತ್ತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಇಡೀ ಹಾಲಿಗೆ ಗೊತ್ತಾಗಿತ್ತು. ನನ್ನ ಮೈದುನ ಪಾಯಸದ ಬಾಲ್ದಿ ಹಿಡಿದು ಬಂದರೆ ಪಂಕ್ತಿಯಲ್ಲಿ ಕುಳಿತವರು ಒಬ್ಬರಾದ ಮೇಲೊಬ್ಬರು ಎಲೆಗೆ ಕೈ ಅಡ್ಡ ಹಿಡಿದರು. ಪಾಯಸಕ್ಕೆ ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆಯೇ!

ಕೆಂಗಣ್ಣು ನಾಲ್ಕು ದಿನ ಇದ್ದು ಹೋಯಿತು. ಅವನ ಮೇಲಿನ ಹೆದರಿಕೆ ಹೋಗಲಿಲ್ಲ. ರೋಗ ಹರಡಲು ಅವನು ಬಸ್ಸು ಹತ್ತಬೇಕಾಗಿತ್ತು. ಹೆದರಿಕೆಗೆ ಬಸ್ಸೂ ಬೇಡ, ಅದು ಮೊಬೈಲಿನಲ್ಲೇ ಹೋಯಿತು. ಮುಂದಿನ ಮದುವೆಗಳ ಹೇಳಿಕೆಗೆ ಅವನನ್ನು ಯಾರೂ ಕರೆಯಲಿಲ್ಲ. ತಾನಾಗಿಯೇ ಹೋದರೆ ಒಂದು ಮನೆಯಲ್ಲಿ ಕಾಗದದ ಲೋಟದಲ್ಲಿ ನೀರು ಕೊಟ್ಟರಂತೆ. ಇನ್ನೊಂದು ಮನೆಯಲ್ಲಿ ಬೈರಾಸಿನ ಬದಲು ಹಳೆಯ ಪೇಪರ್ ಕೊಟ್ಟರಂತೆ. ಅವನು ಅದನ್ನು ಓದಲು ಕೊಟ್ಟದ್ದೆಂದು ತಿಳಿದು ಒದ್ದೆ ಮುಖದಲ್ಲೇ ಮೊದಲ ಪುಟ ಓದಿದನಂತೆ! ಇದನ್ನು ನನಗೆ ಹೇಳಿ ನಗಿಸಿದವನು ಅವನೇ. ಆಮೇಲೆ ಹೋಗುವುದನ್ನು ನಿಲ್ಲಿಸಿದ.

ಮನೆಯಲ್ಲಿ ಇಡೀ ದಿನ ಒಬ್ಬ ಗಂಡಸು ಕುಳಿತರೆ ಏನಾಗುತ್ತದೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಗುಡಿಸುವಾಗ ಎಡಗಡೆಯಿಂದ ಗುಡಿಸು ಎಂದ. ಬಸಳೆಗೆ ಚಪ್ಪರ ಹೇಗೆ ಹಾಕಬೇಕೆಂದು ನನಗೆ ಹೇಳಿಕೊಟ್ಟ, ನನಗೆ! ಸೊಸೆಯ ಮಿಕ್ಸಿ ಬಿಚ್ಚಿ ಸರಿ ಮಾಡಿದ. ಅದು ಮೊದಲು ಸರಿಯೇ ಇತ್ತು, ಈಗ ಇಲ್ಲ. ಅಂಗಳಕ್ಕೆ ಬಂದ ಗ್ಯಾಸಿನವನನ್ನು ಕೂರಿಸಿ ಅವನ ಮಾವನ ಮನೆಯ ಬಾವಿಯ ನೀರಿನವರೆಗೆ ಕೇಳಿದ. ಗ್ಯಾಸಿನವ ಆಮೇಲೆ ಸಿಲಿಂಡರನ್ನು ಗೇಟಿನಲ್ಲೇ ಇಟ್ಟು ಓಡತೊಡಗಿದ.

ಆದರೆ ಬರಬರುತ್ತ ಅದೂ ಇಲ್ಲವಾಯಿತು. ಬೆಳಿಗ್ಗೆ ಪಂಚೆ ಉಟ್ಟು ಜಗಲಿಯಲ್ಲಿ ಕೂರುವುದು. ಬಸ್ಸಿನ ಹಾರ್ನು ಕೇಳಿದರೆ ಏಳುವುದು, ಮತ್ತೆ ಕೂರುವುದು. ಬಡಿಸಿದ ಗಂಜಿಯಲ್ಲಿ ಅರ್ಧ ಬಿಡುವುದು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಊರವರ ಜಗಲಿಗಳು. ಅವು ಮುಚ್ಚಿದರೆ ಈ ಮನುಷ್ಯನಲ್ಲಿ ಉಳಿಯುವುದೇನು? ಏನೂ ಉಳಿಯುವುದಿಲ್ಲ ಎಂದು ನಾನು ಕಣ್ಣಾರೆ ನೋಡುತ್ತಿದ್ದೆ.

ಒಂದು ಸಂಜೆ ದೀಪ ಹಚ್ಚಿ ಬರುವಾಗ ಅವನು ಅಲ್ಲೇ ಕುಳಿತಿದ್ದ. ನಾನು ಕೇಳದೆಯೇ ಹೇಳಿದ.

"ದೊಡ್ಡವರು ಬಾಗಿಲು ಹಾಕಿದರೆ ನನಗೆ ಬೇಜಾರಿಲ್ಲ ಅತ್ತಿಗೆ. ನಾನು ಗೇಟಿನ ಹತ್ತಿರ ಬರುವಾಗ ಮಕ್ಕಳನ್ನು ಒಳಗೆ ಕರೀತಾರಲ್ಲ…"

ನಾನು "ಊಟಕ್ಕೆ ಏಳು" ಎಂದೆ.

ಅವನು ಉಂಡ ಶಾಸ್ತ್ರ ಮಾಡಿ ಎದ್ದ ಮೇಲೆ ನಾನು ಬೆಳ್ತಂಗಡಿಗೆ, ತಂಗಿಯ ಮಗಳಿಗೆ ಫೋನು ಮಾಡಿದೆ. ಅವಳ ಮನೆಯಲ್ಲಿ ಮಗುವಿನ ನಾಮಕರಣ ಇತ್ತು.

"ಹೇಳಿಕೆಗೆ ಅವನನ್ನು ಕರಿ. ಅವನ ಕಣ್ಣು ನನ್ನ ಕಣ್ಣಿಗಿಂತ ಚಂದ ಉಂಟು ಈಗ."

"ನನಗೇನು ಹೆದರಿಕೆ ಇಲ್ಲ ದೊಡ್ಡಮ್ಮ. ಆದರೆ ಬೇರೆಯವರು ಎಂತ ಹೇಳ್ತಾರೋ! ಯಾರಾದ್ರೂ ಒಬ್ರು ಕರೆದರೆ ನಾವೂ ಕರೀತೇವೆ."

ವಿಟ್ಲಕ್ಕೆ ಮಾಡಿದೆ. "ನಮಗೇನಿಲ್ಲ ಮಾರಾಯ್ತಿ, ಬೆಳ್ತಂಗಡಿಯವರು ಕರೀಲಿ, ಮತ್ತೆ ನೋಡುವ." ಮೂಡುಬಿದಿರೆಗೆ ಮಾಡಿದೆ. "ವಿಟ್ಲದವರು ಎಂತ ಹೇಳಿದ್ರು?" ಒಬ್ಬರಿಗೂ ಹೆದರಿಕೆ ಇಲ್ಲವಂತೆ! ಎಲ್ಲರಿಗೂ ಪಕ್ಕದವರಿಗೆ ಹೆದರಿಕೆ ಇದೆ ಎಂಬ ಹೆದರಿಕೆ. ಇವರ ಮನೆಗೆ ಅವನನ್ನು ಹತ್ತಿಸಬೇಕಾದರೆ ಮೊದಲು ಬೇರೆ ಯಾರೋ ಹತ್ತಿಸಿರಬೇಕು, ಅದನ್ನು ಇವರು ನೋಡಿರಬೇಕು. ಆ ಬೇರೆ ಯಾರೋ ಎಲ್ಲಿಂದ ಬರಬೇಕು? ನಾನು ಫೋನನ್ನು ಮೊಮ್ಮಗಳಿಗೆ ತಿರುಗಿಸಿದೆ.

"ಕೆಂಗಣ್ಣು ಬಾರದವರು ಯಾರಾದ್ರೂ ಇದ್ದಾರಾ ಅಜ್ಜಿ? ಅವರಿಗೆ ಸಣ್ಣಜ್ಜನ ಮೇಲೆ ಸಿಟ್ಟಿರ್ಲಿಕ್ಕಿಲ್ಲ" ಎಂದಳು.

"ಅವನು ಹೋದಲ್ಲೆಲ್ಲ ಬಂದಿದೆ. ಅವನು ಹೋಗದ ಮನೆ ಯಾವುದುಂಟು?" ಎಂದೆ. ಎಂದವಳು ಅಲ್ಲಿಗೇ ನಿಂತೆ.

ಇತ್ತು. ನಮ್ಮ ಅಂಗಳದಿಂದ ಉಗುಳಿದರೆ ಬೀಳುವಷ್ಟು ಹತ್ತಿರ, ಬೇಲಿಯ ಆಚೆ. ಅಲ್ಲಿ ಯಾರಿಗೂ ಕೆಂಗಣ್ಣು ಬರಲಿಲ್ಲ. ಬಸ್ಸು ಬದಲಿಸಿ ಹೋಗಬೇಕಾದ ವಿಟ್ಲಕ್ಕೆ ಹೋದ ರೋಗ, ಬೇಲಿ ಹಾರಿ ಪಕ್ಕದ ಮನೆಗೆ ಹೋಗಲಿಲ್ಲ! ಯಾಕೆಂದರೆ ಆ ಮನೆಗೂ ನಮಗೂ ಹೇಳಿಕೆ ಇಲ್ಲ. ನಮ್ಮ ಕಡೆ ಎರಡು ಮನೆಗಳ ನಡುವೆ ಹೇಳಿಕೆ ನಿಂತಿತೆಂದರೆ ಆ ಎರಡು ಮನೆಗಳು ಒಂದಕ್ಕೊಂದು ಸತ್ತ ಹಾಗೆ. ಅವರ ಹುಂಜ ನಮ್ಮ ಸಾರಿನಲ್ಲಿ ಬೆಂದಿತು ಎಂದು ಆ ಮನೆಯಾಕೆ ಊರೆಲ್ಲ ಹೇಳಿದ್ದಳು. ಬೆಂದಿರಲಿಲ್ಲ. ಹಿಡಿದದ್ದು ಕಾಡುಬೆಕ್ಕು. ಅದನ್ನು ನಾನು ಒಮ್ಮೆ ಹೇಳಿದೆ, ಅವಳು ನಂಬಲಿಲ್ಲ, ಎರಡನೆಯ ಸಲ ನಾನು ಹೇಳಲಿಲ್ಲ. ಆ ಹುಂಜ ಇದ್ದಿದ್ದರೆ ಅದರ ಮರಿಮಕ್ಕಳೂ ಈಗ ಮುದಿಯಾಗಿರುತ್ತಿದ್ದವು. ಅವಳ ಬಾಗಿಲಿಗೆ ನಾನಾಗಿ ಹೋಗುವುದಿಲ್ಲ ಎಂದು ಇಷ್ಟು ವರ್ಷ ಇದ್ದೆ. ಚೆನ್ನಾಗಿಯೇ ಇದ್ದೆ.

ಮರುದಿನ ಬೆಳಿಗ್ಗೆ ಎದ್ದವಳೇ ಕತ್ತಿ ತೆಗೆದುಕೊಂಡು ಹೋಗಿ ಬೇಲಿಯನ್ನು ಒಬ್ಬ ಮನುಷ್ಯ ನುಗ್ಗುವಷ್ಟು ಕಡಿದೆ. ಸದ್ದು ಕೇಳಿ ಮೈದುನ ಓಡಿಬಂದ.

"ಎಂತ ಮಾಡ್ತೀರಿ ಅತ್ತಿಗೆ? ಅವರು ನೋಡಿದ್ರೆ?"

"ನೋಡ್ಲಿ. ಒಳ್ಳೆಯ ಅಂಗಿ ಹಾಕಿ ಬಾ. ಆ ಮನೆಗೆ ಹೇಳಿಕೆ ಉಂಟು."

"ಯಾವ ಕಾರ್ಯಕ್ಕೆ?"

"ಕಾರ್ಯ ಎಂತ ಇಲ್ಲ. ಇವತ್ತು ಮಧ್ಯಾಹ್ನ ನಮ್ಮಲ್ಲಿ ಊಟ. ಕುಟುಂಬ ಸಮೇತ ಬರ್ಬೇಕಂತೆ, ಅತ್ತಿಗೆ ಹೇಳಿದ್ದು ಅಂತ ಹೇಳು."

ಅವನು ಕಣ್ಣು ಮಿಟುಕಿಸುತ್ತ ನಿಂತ. ಆಮೇಲೆ ಒಳಗೆ ಓಡಿದ. ಅಂಗಿಯ ಗುಂಡಿ ಹಾಕುತ್ತ ಬಂದವನು ಬೇಲಿಯ ಕಂಡಿಯಲ್ಲಿ ಒಂದು ಕಾಲು ಆಚೆ ಇಟ್ಟು ತಿರುಗಿದ.

"ಸಾರು ಎಂತದ್ದು ಅಂತ ಕೇಳಿದ್ರೆ?"

"ಮೀನು ಅಂತ ಹೇಳು. ಮೊದಲೇ ಹೇಳು."

ಹೋದ. ಆಚೆ ನಾಯಿ ಬೊಗಳಿತು. ಆ ಮನೆಯಾಕೆ "ಯಾರದು?" ಎಂದದ್ದು ಕೇಳಿಸಿತು. ಆಮೇಲೆ ಬಾವಿಯ ರಾಟೆ ಕಿರುಗುಟ್ಟಿತು, ಯಾರೋ ಕೈಕಾಲು ತೊಳೆಯಲು ನೀರು ಸೇದುತ್ತಿದ್ದರು.

ನಾನು ಒಳಗೆ ಹೋಗಿ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟು ಕುಚ್ಚಲಕ್ಕಿ ತೊಳೆದು ಹಾಕಿದೆ. ಅವರು ಎಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಇನ್ನೆರಡು ಬೊಗಸೆ ಹೆಚ್ಚಿಗೆ ಹಾಕಿದೆ.